ತಟ್ಟೆಯಲ್ಲಿ ಮಿಡಿಯುವ ಹೃದಯ: ಆಸೆ ಎಷ್ಟು, ವಾಸ್ತವ ಎಷ್ಟು?

(ಸಂಘದ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದ ಮಕ್ಕಳಿಗೆ ಬಹುಮಾನ ಹಂಚಿದ ಆ ಸಭೆಯಲ್ಲಿ ನನಗೆ ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಹೇಳಬೇಕಾದ ಮಾತು ಅರ್ಧಕ್ಕೆ ನಿಂತಿತು. ಅದನ್ನು ಪೂರ್ತಿಯಾಗಿ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರಿಂದ ಈ ಬರಹ. ನಾನು ಡಾಕ್ಟರಲ್ಲ, ಹೈಸ್ಕೂಲಿನ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಆದರೂ ಈ ವಿಷಯ ನನ್ನ ಮನೆಯ ಬಾಗಿಲಿಗೇ ಬಂದದ್ದರಿಂದ ಓದಿ ತಿಳಿದುಕೊಳ್ಳಬೇಕಾಯಿತು.

2016ರ ಮಾತು. ಹೊಸದುರ್ಗದ ಕಡೆ ಇದ್ದ ನನ್ನ ಭಾವನವರಿಗೆ ಹೃದಯಾಘಾತವಾಗಿ, ಹೃದಯದ ಬಲ ಕುಂದಿತ್ತು. ನಾಲ್ಕು ಹೆಜ್ಜೆ ನಡೆದರೆ ಉಬ್ಬಸ. ಒಂದು ದಿನ ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ಬಂದ. ಅದರಲ್ಲಿ ಒಂದು ವಿಡಿಯೊ. ತಟ್ಟೆಯೊಳಗೆ ಸಣ್ಣ ಸಣ್ಣ ಜೀವಕೋಶಗಳ ಗುಂಪು ಲಬ್ ಡಬ್ ಎಂದು ತಾವೇ ಮಿಡಿಯುತ್ತಿವೆ. “ಮಾಮು, ಸ್ಟೆಮ್ ಸೆಲ್ ಹಾಕಿದರೆ ಅಬ್ಬಾ ಅವರ ಹೃದಯ ಹೊಸದಾಗುತ್ತದಂತೆ. ಒಂದು ಕಡೆ ವಿಚಾರಿಸಿದ್ದೇನೆ. ಅಡಿಕೆ ತೋಟ ಮಾರಬೇಕಾಗುತ್ತದೆ. ನೀವೇನಂತೀರಿ?” ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. “ಒಂದು ವಾರ ಟೈಮ್ ಕೊಡಪ್ಪಾ” ಎಂದೆ.

ಆ ಒಂದು ವಾರದಲ್ಲಿ ಶುರುವಾದ ನನ್ನ ಓದು ಇಂದಿಗೂ ಮುಗಿದಿಲ್ಲ. ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಹೃದಯ ತನ್ನನ್ನು ತಾನೇ ಯಾಕೆ ರಿಪೇರಿ ಮಾಡಿಕೊಳ್ಳುವುದಿಲ್ಲ?

ನಮ್ಮ ಹೃದಯ ಮುಷ್ಟಿಯಷ್ಟು ದೊಡ್ಡದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿಯುತ್ತದೆ. ನಿಮಿಷಕ್ಕೆ ಐದು ಲೀಟರಿನಂತೆ ಲೆಕ್ಕ ಹಾಕಿದರೆ ದಿನಕ್ಕೆ ಏಳು ಸಾವಿರ ಲೀಟರಿಗೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಊರುಗಳಿಗೆ ಬರುವ ನೀರಿನ ಟ್ಯಾಂಕರನ್ನು ನೆನೆಸಿಕೊಳ್ಳಿ. ಅಷ್ಟನ್ನು ಈ ಪುಟ್ಟ ಪಂಪು ದಿನಾ ಎತ್ತುತ್ತದೆ. ಈ ಕೆಲಸ ಮಾಡುವುದು ಕೆಲವು ನೂರು ಕೋಟಿ ಸ್ನಾಯುಕೋಶಗಳು.

ಹೃದಯಕ್ಕೇ ರಕ್ತ ಒಯ್ಯುವ ನಾಳ ಕಟ್ಟಿಕೊಂಡಾಗ ಈ ಕೋಶಗಳು ಉಸಿರುಗಟ್ಟಿ ಸಾಯುತ್ತವೆ. ದೊಡ್ಡ ಆಘಾತದಲ್ಲಿ ಸುಮಾರು ನೂರು ಕೋಟಿ ಕೋಶಗಳು ಹೋಗಿಬಿಡಬಹುದು. ಕೈಗೆ ಗಾಯವಾದರೆ ಹೊಸ ಚರ್ಮ ಬರುತ್ತದೆ. ಹೃದಯದಲ್ಲಿ ಹಾಗಾಗುವುದಿಲ್ಲ. ಸತ್ತ ಜಾಗದಲ್ಲಿ ಗಾಯದ ಕಲೆಯಂಥ ಒಂದು ತೇಪೆ ಬೀಳುತ್ತದೆ. ತೇಪೆ ತೂತು ಮುಚ್ಚುತ್ತದೆ, ಪಂಪು ಮಾಡುವುದಿಲ್ಲ.

ಹಾಗಾದರೆ ಹೃದಯದಲ್ಲಿ ಹೊಸ ಕೋಶ ಹುಟ್ಟುವುದೇ ಇಲ್ಲವೇ? ಇದಕ್ಕೆ ಉತ್ತರ ಸಿಕ್ಕಿದ್ದು ವಿಚಿತ್ರ ದಾರಿಯಲ್ಲಿ. 1963ರವರೆಗೆ ಬಲಾಢ್ಯ ದೇಶಗಳು ಬಯಲಿನಲ್ಲಿ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಯಿತು, ಆಹಾರದ ಮೂಲಕ ಎಲ್ಲರ ಮೈಗೂ ಸೇರಿತು. ಒಂದು ಕೋಶದ ಡಿಎನ್‌ಎಯಲ್ಲಿ ಅದು ಎಷ್ಟಿದೆ ಎಂದು ಅಳೆದರೆ ಆ ಕೋಶ ಹುಟ್ಟಿದ ವರ್ಷ ಅಂದಾಜಾಗುತ್ತದೆ. ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಹೀಗೆ ಅಳೆದು, ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡಾ ಒಂದರಷ್ಟು ಹೃದಯಕೋಶ ಹೊಸದಾಗುತ್ತದೆ, ಎಪ್ಪತ್ತೈದರ ಹೊತ್ತಿಗೆ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಹುಟ್ಟುವುದುಂಟು, ಆದರೆ ಆಘಾತದ ನಷ್ಟ ತುಂಬುವಷ್ಟಲ್ಲ. ಆದ್ದರಿಂದಲೇ ಹೊರಗೆ ಬೆಳೆಸಿ ಒಳಗೆ ಇಡಲು ಸಾಧ್ಯವೇ ಎಂಬ ಪ್ರಶ್ನೆ ಹುಟ್ಟಿತು.

ಕಾಂಡಕೋಶ ಎಂದರೇನು?

ಡಾಕ್ಟರುಗಳು ಸ್ಟೆಮ್ ಸೆಲ್ ಎನ್ನುವುದನ್ನು ಕನ್ನಡದಲ್ಲಿ ಕಾಂಡಕೋಶ ಅಥವಾ ಆಕರಕೋಶ ಎನ್ನುತ್ತಾರೆ. ಏನಾಗಬೇಕೆಂದು ಇನ್ನೂ ತೀರ್ಮಾನವಾಗದ ಕೋಶ ಇದು. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗಿಯಂತೆ. ಮುಂದೆ ಡಾಕ್ಟರಾಗಬಹುದು, ಲಾಯರಾಗಬಹುದು, ಟೀಚರಾಗಬಹುದು. ಒಮ್ಮೆ ಸ್ನಾಯು, ನರ, ಚರ್ಮ ಎಂದು ಆದ ಕೋಶ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ.

1981ರಲ್ಲಿ ಇಲಿಯ ಭ್ರೂಣದಿಂದ, 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಅವರು ಮನುಷ್ಯ ಭ್ರೂಣದಿಂದ ಕಾಂಡಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. 2001ರಲ್ಲಿ ಇಸ್ರೇಲಿನ ಹೈಫಾದ ವಿಜ್ಞಾನಿಗಳು ಅಂಥ ಕೋಶಗಳಿಂದ ಮಿಡಿಯುವ ಮಾನವ ಹೃದಯಕೋಶ ಪಡೆದುದನ್ನು ವರದಿ ಮಾಡಿದರು.

ನಮ್ಮ ಬೆಂಗಳೂರೂ ಹಿಂದೆ ಬೀಳಲಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಡಾ. ಮನೀಷಾ ಇನಾಮದಾರ್ ಅವರ ತಂಡ ಎರಡು ಮಾನವ ಕಾಂಡಕೋಶ ತಳಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಗುಣಮಟ್ಟ ಸಾಲದೆಂದು ಕೈಬಿಟ್ಟ ಭ್ರೂಣಗಳಿಂದ ಪಡೆದ ತಳಿಗಳು ಅವು.

ಇಲ್ಲಿ ಒಂದು ನೈತಿಕ ಪ್ರಶ್ನೆ ಏಳುತ್ತದೆ. ಭ್ರೂಣವನ್ನು ಹೀಗೆ ಬಳಸಬಹುದೇ ಎಂದು ಸಭೆಯಲ್ಲಿ ಒಬ್ಬ ತಾಯಿ ಕೇಳಿದರು. ಎಲ್ಲ ಧರ್ಮಗಳವರೂ ಕೇಳಿದ ಪ್ರಶ್ನೆ ಇದು. ಮಕ್ಕಾದ ಇಸ್ಲಾಮಿಕ್ ಫಿಕ್ಹ್ ಮಂಡಳಿ 2003ರಲ್ಲಿ ಇದನ್ನು ಚರ್ಚಿಸಿ, ಚಿಕಿತ್ಸೆಯಲ್ಲಿ ಉಳಿದದ್ದನ್ನು ದಂಪತಿ ಒಪ್ಪಿ ಕೊಟ್ಟರೆ ಬಳಸಬಹುದು, ಬೇಕೆಂದೇ ಮಾಡಿಸಿದ ಗರ್ಭಪಾತದಿಂದ ಪಡೆಯಕೂಡದು ಎಂಬ ನಿಲುವು ತಾಳಿತು. ಆದರೆ ವಿಜ್ಞಾನವೇ ಇನ್ನೊಂದು ದಾರಿ ತೋರಿಸಿತು. ಜಪಾನಿನ ಶಿನ್ಯ ಯಮನಾಕ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಕ್ಕೆ ನಾಲ್ಕು ಜೀನ್‌ಗಳನ್ನು ಸೇರಿಸಿ ಅದನ್ನು ಕಾಂಡಕೋಶದ ಸ್ಥಿತಿಗೆ ಹಿಂದಿರುಗಿಸಿದರು. ಇವಕ್ಕೆ ಐಪಿಎಸ್ ಕೋಶ ಎಂದು ಹೆಸರು. 2012ರಲ್ಲಿ ಯಮನಾಕ ಅವರಿಗೆ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಬಂತು. ಈಗ ನಿಮ್ಮ ತೋಳಿನ ಒಂದಿಷ್ಟು ರಕ್ತದಿಂದ ನಿಮ್ಮದೇ ಹೃದಯಕೋಶ ಬೆಳೆಸಬಹುದು. ಭ್ರೂಣದ ಅಗತ್ಯವಿಲ್ಲ.

ಬೆಳೆಸುವ ಬಗೆ

ಮನೆಯಲ್ಲಿ ಮೊಸರು ಹೆಪ್ಪು ಹಾಕುವ ತಾಯಂದಿರಿಗೆ ಇದರ ಮೊದಲ ಪಾಠ ಗೊತ್ತು. ಹಾಲು ಹದವಾಗಿ ಬೆಚ್ಚಗಿರಬೇಕು, ಪಾತ್ರೆ ಶುಚಿಯಾಗಿರಬೇಕು, ಅಲುಗಾಡಿಸಬಾರದು. ಪ್ರಯೋಗಾಲಯದಲ್ಲಿಯೂ ಹಾಗೆಯೇ. ಕಾಂಡಕೋಶಗಳನ್ನು ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಅಂಟು ಪದರ ಬಳಿದು ಅದರ ಮೇಲೆ ಬಿಡುತ್ತಾರೆ. ಮೇಲೆ ಉಪ್ಪು, ಸಕ್ಕರೆ, ಪ್ರೋಟೀನು, ವಿಟಮಿನ್ ಬೆರೆತ ಪೋಷಕ ದ್ರವ. ಇನ್‌ಕ್ಯುಬೇಟರಿನಲ್ಲಿ ಮೈಯ ಶಾಖವಾದ 37 ಡಿಗ್ರಿ, ಶೇಕಡಾ ಐದರಷ್ಟು ಕಾರ್ಬನ್ ಡೈಆಕ್ಸೈಡ್. ಒಂದು ಬೂಷ್ಟಿನ ಕಣ ಬಿದ್ದರೂ ತಿಂಗಳ ದುಡಿಮೆ ಹಾಳು. ದ್ರವವನ್ನು ಸಾಮಾನ್ಯವಾಗಿ ದಿನಾ ಬದಲಿಸಬೇಕು. ಹಬ್ಬವಿರಲಿ, ಭಾನುವಾರವಿರಲಿ, ಹಟ್ಟಿಯ ದನಕ್ಕೆ ಮೇವು ಹಾಕುವವರಂತೆ ಸಂಶೋಧನಾ ವಿದ್ಯಾರ್ಥಿ ಹೋಗಲೇಬೇಕು.

ನಂತರ ಕೋಶಗಳಿಗೆ “ಹೃದಯವಾಗಿ” ಎಂದು ಹೇಳಬೇಕು. ಗರ್ಭದಲ್ಲಿ ಈ ಮಾತು ಹೇಳುವುದು ಕೆಲವು ರಾಸಾಯನಿಕ ಸಂಕೇತಗಳು. ಅವುಗಳಲ್ಲಿ ಮುಖ್ಯವಾದದ್ದು ವಿಂಟ್ ಎಂಬುದು. 2012ರಲ್ಲಿ ಅಮೆರಿಕದ ವಿಜ್ಞಾನಿಗಳು ಸರಳ ಕ್ರಮವೊಂದನ್ನು ಕಂಡುಕೊಂಡರು. ಒಂದು ಔಷಧ ಹಾಕಿ ಈ ಸಂಕೇತವನ್ನು ಮೊದಲು ಒಂದು ದಿನ ಚಾಲೂ ಮಾಡುವುದು, ಮೂರನೇ ದಿನದ ಹೊತ್ತಿಗೆ ಇನ್ನೊಂದು ಔಷಧದಿಂದ ಆಫ್ ಮಾಡುವುದು. ಹೊಲಕ್ಕೆ ನೀರು ಬಿಡುವ ಲೆಕ್ಕವೇ ಇದು. ಬೇಕಾದಾಗ ಬಿಡಬೇಕು, ಬೇಡವಾದಾಗ ನಿಲ್ಲಿಸಬೇಕು. ಹೊತ್ತು ತಪ್ಪಿದರೆ ಬೆಳೆ ಬೇರೆಯಾಗುತ್ತದೆ.

ಎಂಟು ಹತ್ತು ದಿನಗಳಲ್ಲಿ ತಟ್ಟೆಯ ಒಂದು ಮೂಲೆ ಮಿಡಿಯತೊಡಗುತ್ತದೆ. ಮೆದುಳಿಲ್ಲ, ನರವಿಲ್ಲ, ರಕ್ತವಿಲ್ಲ, ಆದರೂ ಮಿಡಿಯುತ್ತದೆ. ಬೇರೆ ಬೇರೆ ಗುಂಪುಗಳು ಒಂದನ್ನೊಂದು ತಾಕಿದಾಗ ಒಂದೇ ತಾಳಕ್ಕೆ ಬರುತ್ತವೆ. ಹೃದಯವಾಗದೆ ಬೇರೇನೋ ಆದ ಕೋಶಗಳೂ ನಡುವೆ ಇರುತ್ತವೆ. ಅವನ್ನು ಕಳೆ ಕೀಳುವಂತೆ ತೆಗೆಯಬೇಕು. ಅದಕ್ಕೊಂದು ಉಪಾಯವುಂಟು. ಗ್ಲೂಕೋಸ್ ನಿಲ್ಲಿಸಿ ಬರೀ ಲ್ಯಾಕ್ಟೇಟ್ ಕೊಟ್ಟರೆ ಹೃದಯಕೋಶ ಬದುಕುತ್ತದೆ, ಉಳಿದವು ಹಸಿದು ಸಾಯುತ್ತವೆ.

ಅಕ್ಕನ ಮಗ ತೋರಿಸಿದ ವಿಡಿಯೊ ಇಂಥದ್ದೇ. ಅದು ಸುಳ್ಳಲ್ಲ.

ಆದರೆ ಒಂದು ಮಾತು. ಹೊಳಲ್ಕೆರೆ, ಹೊಸದುರ್ಗದ ನರ್ಸರಿಗಳಲ್ಲಿ ಪಾಲಿಥೀನ್ ಚೀಲದ ಅಡಿಕೆ ಸಸಿ ನೋಡಿದ್ದೀರಿ. ಅದು ಅಡಿಕೆಯೇ, ಸುಳ್ಳಲ್ಲ. ಆದರೆ ಗೊನೆ ಬಿಡುವುದಿಲ್ಲ. ತಟ್ಟೆಯ ಹೃದಯಕೋಶವೂ ಹಾಗೆಯೇ ಎಳೆಯದು. ಗರ್ಭದ ಮಗುವಿನ ಹೃದಯಕೋಶದಂತೆ ಅದು ದುರ್ಬಲವಾಗಿ ಸಂಕುಚಿಸುತ್ತದೆ. ದೊಡ್ಡವರ ಹೃದಯ ಹೆಚ್ಚಾಗಿ ಕೊಬ್ಬನ್ನು ಉರಿಸಿ ದುಡಿದರೆ, ಇದು ಸಕ್ಕರೆಯನ್ನೇ ನೆಚ್ಚಿಕೊಂಡಿರುತ್ತದೆ. ಅದನ್ನು ಬಲಿಯುವಂತೆ ಮಾಡುವುದೇ ಇಂದಿನ ಸಂಶೋಧಕರ ದೊಡ್ಡ ಸವಾಲು.

ಸಾಕ್ಷಿ ಹೇಳುವ ಕೋಶ

ಹಾಗಾದರೆ ಇದರಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. ಅದು ಇಂದು ಔಷಧಕ್ಕಿಂತ ಹೆಚ್ಚಾಗಿ ಸಾಕ್ಷಿ. ರೋಗಿಯ ಎದೆ ತೆರೆಯದೆ ಅವನ ಹೃದಯಕೋಶವನ್ನು ನೋಡಬಹುದು. ಹೊಸ ಮಾತ್ರೆ ಹೃದಯದ ಲಯ ಕೆಡಿಸುತ್ತದೆಯೇ ಎಂದು ಮೊದಲೇ ಪರೀಕ್ಷಿಸಬಹುದು. ಅಲರ್ಜಿಗೆ ಕೊಡುತ್ತಿದ್ದ ಟರ್ಫೆನಡಿನ್ ಎಂಬ ಮಾತ್ರೆ ಕೆಲವರ ಹೃದಯದ ಲಯವನ್ನೇ ತಪ್ಪಿಸಿದ್ದರಿಂದ 1998ರಲ್ಲಿ ಅದನ್ನು ಅಮೆರಿಕದಲ್ಲಿ ಹಿಂತೆಗೆದರು. ಅಂಥ ಅಪಾಯವನ್ನು ಮನುಷ್ಯರ ಬದಲು ತಟ್ಟೆಯಲ್ಲಿ ಕಂಡುಹಿಡಿಯುವುದು ಎಷ್ಟೋ ಮೇಲು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಹೇಳುತ್ತೇನೆ. ಹೃದಯದ ಸ್ನಾಯುವಿನಲ್ಲಿ ಸಂಕುಚನವನ್ನು ಹತೋಟಿಯಲ್ಲಿಡುವ ಒಂದು ಪ್ರೋಟೀನ್ ಇದೆ. ಅದರ ಜೀನಿನ ಹೆಸರು ಎಂವೈಬಿಪಿಸಿ-3. ಈ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು ಭಾರತ ಉಪಖಂಡದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಕಾಣುತ್ತದೆ. ಪಿ. ಎಸ್. ದಂಡಪಾಣಿ, ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್ ಮೊದಲಾದವರು 2009ರಲ್ಲಿ ಇದನ್ನು ಪ್ರಕಟಿಸಿದರು. ಈ ಕೊರತೆ ಸಾವಿರಾರು ವರ್ಷ ಹಳೆಯದು. ಅದಕ್ಕೆ ಜಾತಿಯಿಲ್ಲ, ಧರ್ಮವಿಲ್ಲ. ನಾವೆಲ್ಲ ಒಂದೇ ಬೇರಿನವರು ಎಂಬುದಕ್ಕೆ ಅದೂ ಒಂದು ಸಾಕ್ಷಿ. ಎಳವೆಯಲ್ಲಿ ಅದು ಸುಮ್ಮನಿರುತ್ತದೆ. ಮಧ್ಯವಯಸ್ಸಿನ ಮೇಲೆ ಹೃದಯ ಸೋಲುವ ಅಪಾಯ ಹೆಚ್ಚಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ಬಂದರೆ ತೊಂದರೆ ತೀವ್ರ. ಸೋದರ ಸಂಬಂಧದ ಮದುವೆ ಬಳಕೆಯಲ್ಲಿರುವ ಮನೆಗಳು ಈ ಮಾತನ್ನು ಗಮನಿಸಬೇಕು. ನಮ್ಮಲ್ಲಷ್ಟೇ ಅಲ್ಲ, ಸುತ್ತಲ ಎಷ್ಟೋ ಸಮಾಜಗಳಲ್ಲಿ ಆ ರೂಢಿಯಿದೆ.

ಆದರೆ ಈ ಕೊರತೆ ಇದ್ದವರೆಲ್ಲ ರೋಗಿಗಳಾಗುವುದಿಲ್ಲವಲ್ಲ, ಯಾಕೆ? 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದಕ್ಕೆ ತಟ್ಟೆಯ ಕೋಶಗಳ ಸಾಕ್ಷಿ ಕೇಳಿತು. ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯಾದವರಲ್ಲಿ ಕೆಲವರಿಗೆ ಈ ಕೊರತೆಯ ಜೊತೆಗೆ ಅದೇ ಜೀನಿನಲ್ಲಿ ಇನ್ನೊಂದು ದೋಷವೂ ಇರುವುದು ಕಂಡುಬಂತು. ಎರಡೂ ಇದ್ದವರ ಐಪಿಎಸ್ ಕೋಶಗಳಿಂದ ಬೆಳೆಸಿದ ಹೃದಯಕೋಶಗಳು ದಪ್ಪವಾಗಿದ್ದವು, ಅವುಗಳ ಕ್ಯಾಲ್ಸಿಯಂ ಲಯ ತಪ್ಪಿತ್ತು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ 2009ರಲ್ಲಿ ಆರಂಭವಾದ ಇನ್‌ಸ್ಟೆಮ್ ಸಂಸ್ಥೆಯಲ್ಲಿ ದಂಡಪಾಣಿ ಅವರು ಪ್ರಯೋಗಾಲಯ ಕಟ್ಟಿ ಭಾರತೀಯರ ಇಂಥ ಹೃದಯಸ್ನಾಯು ರೋಗಗಳನ್ನೇ ಅಧ್ಯಯನ ಮಾಡಿದ್ದಾರೆ. ಚಿತ್ರದುರ್ಗದಿಂದ ಇನ್ನೂರು ಕಿಲೋಮೀಟರು, ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ.

ಹೃದಯಕ್ಕೆ ನಾಟಿ

ಇನ್ನು ಅಕ್ಕನ ಮಗನ ಪ್ರಶ್ನೆಗೆ ಬರೋಣ. ಬೆಳೆಸಿದ ಕೋಶವನ್ನು ಹೃದಯಕ್ಕೆ ನಾಟಿ ಮಾಡಬಹುದೇ? 2014ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಚಾರ್ಲ್ಸ್ ಮರಿ ಅವರ ತಂಡ ನೂರು ಕೋಟಿ ಕೋಶಗಳನ್ನು ಮಂಗಗಳ ಗಾಯಗೊಂಡ ಹೃದಯಕ್ಕೆ ಸೇರಿಸಿತು. ಕೋಶಗಳು ಬೇರೂರಿದವು. ಆದರೆ ಹೃದಯದ ಲಯವೂ ತಪ್ಪಿತು. ಹಳೆಯ ತಂಡದ ನಡುವೆ ಹೊಸಬನೊಬ್ಬ ತನ್ನದೇ ತಾಳ ಹಾಕಿದಂತೆ. ಲಯ ತಪ್ಪಿದ ಹೃದಯ ಪ್ರಾಣಕ್ಕೇ ಎರವಾಗಬಲ್ಲದು.

2020ರ ಜನವರಿಯಲ್ಲಿ ಜಪಾನಿನ ಒಸಾಕಾ ವಿಶ್ವವಿದ್ಯಾಲಯದ ಯೊಶಿಕಿ ಸಾವಾ ಅವರ ತಂಡ ಐಪಿಎಸ್ ಹೃದಯಕೋಶಗಳ ತೆಳು ಹಾಳೆಯನ್ನು ರೋಗಿಯ ಹೃದಯಕ್ಕೆ ಅಂಟಿಸಿತು. 2025ರ ಜನವರಿಯಲ್ಲಿ ಜರ್ಮನಿಯ ವಿಜ್ಞಾನಿಗಳು 46 ವರ್ಷದ ಮಹಿಳೆಯೊಬ್ಬರ ವಿಷಯ ಪ್ರಕಟಿಸಿದರು. ಬೆಳೆಸಿದ ಸ್ನಾಯುವಿನ ಹತ್ತು ತುಣುಕುಗಳನ್ನು, ಒಟ್ಟು 40 ಕೋಟಿ ಕೋಶಗಳನ್ನು, ಅವರ ಹೃದಯದ ಮೇಲೆ ಇಟ್ಟಿದ್ದರು. ಮೂರು ತಿಂಗಳ ನಂತರ ಅವರಿಗೆ ದಾನಿಯ ಹೃದಯ ಸಿಕ್ಕಿತು. ತೆಗೆದ ಹಳೆಯ ಹೃದಯವನ್ನು ಪರೀಕ್ಷಿಸಿದಾಗ ಆ ತುಣುಕುಗಳು ಬದುಕಿದ್ದವು, ಅವಕ್ಕೆ ರಕ್ತನಾಳವೂ ಕೂಡಿತ್ತು. ಇದು ದೊಡ್ಡ ಹೆಜ್ಜೆ. ಆದರೆ ಇದು ಕೆಲವೇ ರೋಗಿಗಳ ಮೇಲೆ, ವರ್ಷಗಟ್ಟಲೆ ನಿಗಾ ಇಟ್ಟು, ಕಟ್ಟುನಿಟ್ಟಿನ ಅನುಮತಿ ಪಡೆದು ಮಾಡುವ ಪ್ರಯೋಗ. ಹಣ ಕಟ್ಟಿ ಹಾಕಿಸಿಕೊಳ್ಳುವ ಇಂಜೆಕ್ಷನ್ ಅಲ್ಲ.

ವಿಡಿಯೊ ಒಂದು, ಚುಚ್ಚುವುದು ಇನ್ನೊಂದು

ಅಕ್ಕನ ಮಗ ವಿಚಾರಿಸಿದ ಕಡೆಯ ಕಾಗದಗಳನ್ನು ತರಿಸಿ ಓದಿದೆ. ಅವರು ಹಾಕಲಿದ್ದದ್ದು ರೋಗಿಯದೇ ಮೂಳೆಮಜ್ಜೆಯಿಂದ ತೆಗೆದ ಕೋಶಗಳು. ವಿಡಿಯೊದಲ್ಲಿ ಮಿಡಿಯುತ್ತಿದ್ದದ್ದು ಐಪಿಎಸ್ ಹೃದಯಕೋಶ. ಎರಡಕ್ಕೂ “ಸ್ಟೆಮ್ ಸೆಲ್” ಎಂಬ ಒಂದೇ ಹೆಸರು. ಮೂಳೆಮಜ್ಜೆಯ ಕೋಶ ರಕ್ತವಾಗುತ್ತದೆ, ಹೃದಯಸ್ನಾಯುವಾಗುವುದಿಲ್ಲ. ಮಾವಿನ ಚಿತ್ರ ತೋರಿಸಿ ಬೇವಿನ ಸಸಿ ಕೊಟ್ಟಂತಾಯಿತು.

ಈ ವಿಷಯದಲ್ಲಿ ದೊಡ್ಡ ದೊಡ್ಡವರೇ ಎಡವಿದ್ದಾರೆ. ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್ 1912ರಲ್ಲಿ ನ್ಯೂಯಾರ್ಕಿನಲ್ಲಿ ಕೋಳಿ ಭ್ರೂಣದ ಹೃದಯದ ತುಣುಕನ್ನು ಬೆಳೆಸಲು ಆರಂಭಿಸಿದರು. ಅದು ಮೂವತ್ತನಾಲ್ಕು ವರ್ಷ ಬದುಕಿತೆಂದು, ಕೋಶಕ್ಕೆ ಸಾವೇ ಇಲ್ಲವೆಂದು ಜಗತ್ತು ನಂಬಿತು. 1961ರಲ್ಲಿ ಲಿಯೊನಾರ್ಡ್ ಹೇಫ್ಲಿಕ್ ಅವರು ಸಾಮಾನ್ಯ ಕೋಶಗಳು ಇಂತಿಷ್ಟೇ ಸಲ ವಿಭಜನೆಯಾಗಿ ನಿಲ್ಲುತ್ತವೆ ಎಂದು ತೋರಿಸಿದಾಗ ಆ ನಂಬಿಕೆ ಕುಸಿಯಿತು. ಇನ್ನೂ ಈಚಿನದು: ವಯಸ್ಕರ ಹೃದಯದಲ್ಲಿ ಕಾಂಡಕೋಶಗಳಿವೆ ಎಂದು ಪ್ರಸಿದ್ಧರಾಗಿದ್ದ ಪಿಯೆರೊ ಅನ್ವರ್ಸಾ ಅವರ ಪ್ರಯೋಗಾಲಯದ 31 ಲೇಖನಗಳನ್ನು ಹಿಂತೆಗೆಯಬೇಕೆಂದು 2018ರಲ್ಲಿ ಹಾರ್ವರ್ಡ್ ಹೇಳಿತು. ಅವರ ಮಾತು ನಂಬಿ ಪ್ರಯೋಗಕ್ಕೆ ಒಳಗಾದ ರೋಗಿಗಳ ಗತಿಯೇನು?

ಹಿಂದೆ ಹದಿಮೂರನೇ ಶತಮಾನದಲ್ಲಿ ಕೈರೋದ ವೈದ್ಯ ಇಬ್ನ್ ಅಲ್ ನಫೀಸ್, ಸಾವಿರ ವರ್ಷದಿಂದ ಎಲ್ಲರೂ ಒಪ್ಪಿದ್ದ ಗೇಲನ್ನನ ಮಾತನ್ನು ಪ್ರಶ್ನಿಸಿದರು. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಹಾದುಬರುತ್ತದೆ ಎಂದರು. ಹೇಳಿದವರು ಎಷ್ಟು ದೊಡ್ಡವರು ಎಂದಲ್ಲ, ಆಧಾರ ಏನು ಎಂದು ಕೇಳಬೇಕು. ಆ ಪಾಠ ಇಂದಿಗೂ ನಮಗೆ ಬೇಕು.

ನಮ್ಮ ದೇಶದ ನಿಯಮ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತದ ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥವನ್ನು ಬಿಟ್ಟರೆ ಬೇರಾವ ಕಾಂಡಕೋಶ ಪ್ರಯೋಗವೂ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಆಗಿಯೇ ನಡೆಯಬೇಕು. ಆದ್ದರಿಂದ ಯಾರಾದರೂ ಇದನ್ನು ಸೂಚಿಸಿದರೆ ಮೂರು ಪ್ರಶ್ನೆ ಕೇಳಿ. ಒಂದು, ಇದು ಯಾವ ಕೋಶ, ಎಲ್ಲಿಂದ ತೆಗೆದದ್ದು? ಎರಡು, ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ ಏನು? ಮೂರು, ಪ್ರಯೋಗವಾದರೆ ನನ್ನಿಂದ ಹಣ ಯಾಕೆ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ನಮ್ಮ ಕೈಲಿರುವುದು

ಅಂದು ನಾನು ಬೇಡ ಎಂದೆ. ತೋಟ ಉಳಿಯಿತು. ಭಾವನವರು ಮಾತ್ರೆ ತಪ್ಪಿಸದೆ, ಉಪ್ಪು ಕಡಿಮೆ ಮಾಡಿ, ಬೀಡಿ ಬಿಟ್ಟು ಇನ್ನೂ ಐದು ವರ್ಷ ಬದುಕಿದರು. ಮೊಮ್ಮಗಳ ಮದುವೆ ನೋಡಿದರು. ಆದರೂ “ಅಂದು ಹಾಕಿಸಿದ್ದರೆ?” ಎಂಬ ಪ್ರಶ್ನೆ ಅಕ್ಕನ ಮಗನ ಕಣ್ಣಿನಲ್ಲಿ ಈಗಲೂ ಕಾಣುತ್ತದೆ. ಅವನ ಮೇಲೆ ನನಗೆ ಕೋಪವಿಲ್ಲ. ತಂದೆಯನ್ನು ಉಳಿಸಿಕೊಳ್ಳಬೇಕೆಂಬ ಆಸೆಯಲ್ಲಿ ತಪ್ಪೇನಿದೆ? ಆ ಆಸೆಯನ್ನು ಮಾರಾಟದ ಸರಕು ಮಾಡಿಕೊಳ್ಳುವವರದ್ದು ತಪ್ಪು. ಈ ಬರಹ ಅವನಿಗೂ ನನ್ನ ಉತ್ತರ.

ಪೋಷಕರಲ್ಲಿ ಎರಡು ವಿನಂತಿ. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕಾಯಬೇಡಿ; ಸತ್ತ ಕೋಶ ಹಿಂದೆ ಬರುವುದಿಲ್ಲ, ಕಳೆದ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಮನೆತನದಲ್ಲಿ ಯಾರಾದರೂ ನಲವತ್ತರೊಳಗೆ ಹಠಾತ್ತಾಗಿ ತೀರಿಕೊಂಡಿದ್ದರೆ, ಅಥವಾ ಹೃದಯಸ್ನಾಯು ದಪ್ಪವಾಗಿದೆ, ಹಿಗ್ಗಿದೆ ಎಂದು ಡಾಕ್ಟರು ಹೇಳಿದ್ದರೆ, ಅವರ ಒಡಹುಟ್ಟಿದವರೂ ಮಕ್ಕಳೂ ಒಮ್ಮೆ ಇಸಿಜಿ, ಎಕೋ ಮಾಡಿಸಲಿ. ಹಣೆಬರಹ ಎಂದು ಸುಮ್ಮನಾಗುವುದು ಬೇಡ.

ವಿದ್ಯಾರ್ಥಿಗಳೇ, ನಿಮಗೊಂದು ಮಾತು. ಪಿಯುಸಿ ವಿಜ್ಞಾನ ಎಂದರೆ ನೀಟ್ ಮಾತ್ರ, ಸೀಟು ಸಿಗದಿದ್ದರೆ ಬದುಕು ಮುಗಿಯಿತು ಎಂದು ಭಾವಿಸಬೇಡಿ. ಐಸರ್ ಸಂಸ್ಥೆಗಳಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ. ಬಿಎಸ್ಸಿ ಓದುತ್ತಿರುವವರು ಬೇಸಿಗೆ ಸಂಶೋಧನಾ ಫೆಲೋಷಿಪ್‌ಗೆ ಅರ್ಜಿ ಹಾಕಿ ಜಕ್ಕೂರಿನಂಥ ಪ್ರಯೋಗಾಲಯಗಳಲ್ಲಿ ಎರಡು ತಿಂಗಳು ಕೆಲಸ ಕಲಿಯಬಹುದು. ನಮ್ಮ ಜಿಲ್ಲೆಯಲ್ಲೇ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿಯ ಪ್ರತಿಭಾ ವಿಕಸನ ಕೇಂದ್ರ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ನಮ್ಮ ಶಾಲೆಗಳ ಶಿಕ್ಷಕರು ಅಲ್ಲಿಗೆ ಹೋಗುವಂತೆ ಸಂಘ ಒತ್ತಾಸೆ ನೀಡಬೇಕು. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತೇನೆ. ತಟ್ಟೆಯ ಕೋಶಕ್ಕೆ ದಿನಾ ಹೊತ್ತಿಗೆ ಸರಿಯಾಗಿ ಉಣಿಸುವ ತಾಳ್ಮೆ, ಶುಚಿ, ಎಚ್ಚರ ನಿಮಗೆ ಚೆನ್ನಾಗಿ ಗೊತ್ತು. ಅದನ್ನು ಅಡುಗೆಮನೆಯಲ್ಲೇ ಮುಗಿಸಬೇಡಿ.

ಎಳೆಯ ಕೋಶವನ್ನು ಬಲಿಯುವಂತೆ ಮಾಡುವುದು, ಅದರ ತಾಳವನ್ನು ಹಳೆಯ ಹೃದಯದ ತಾಳಕ್ಕೆ ಕೂಡಿಸುವುದು, ಅದನ್ನು ಬಡವನ ಕೈಗೆಟುಕುವ ಬೆಲೆಗೆ ತರುವುದು, ಈ ಮೂರೂ ಕೆಲಸ ಇನ್ನೂ ಬಾಕಿ ಇವೆ. ಅಂದು ಬಹುಮಾನ ಪಡೆದ ನಿಮ್ಮಲ್ಲೊಬ್ಬರು ಆ ಕೆಲಸಕ್ಕೆ ಕೈ ಹಚ್ಚಿದರೆ, ಮುಂದೊಂದು ದಿನ ತೋಟ ಮಾರದೆಯೇ ಒಬ್ಬ ಮಗ ತನ್ನ ತಂದೆಯನ್ನು ಉಳಿಸಿಕೊಂಡಾನು.